ಫೋನಿನೊಳಗಿಂದ ಕರೆದ ಸೊಸೆ

ಬೀದಿಯವರೆಲ್ಲ ಅವಳನ್ನು ಲಿಫ್ಟ್ ಅಕ್ಕ ಎಂದೇ ಕರೆಯುತ್ತಿದ್ದರು. ಹಾಗೆಂದು ಅವಳೇನು ಲಿಫ್ಟು ರಿಪೇರಿ ಮಾಡುವವಳಲ್ಲ. ನಿಜ ಹೇಳಬೇಕೆಂದರೆ ಲಿಫ್ಟು ಹತ್ತಿದರೆ ಅವಳಿಗೆ ತಲೆ ಸುತ್ತುತ್ತಿತ್ತು. ದೊಡ್ಡಾಸ್ಪತ್ರೆಯ ಲಿಫ್ಟಿನೊಳಗೆ "ಬಾಗಿಲು ಮುಚ್ಚುತ್ತಿದೆ, ದಯವಿಟ್ಟು ಸರಿದು ನಿಲ್ಲಿ" ಎಂದು ಒಬ್ಬ ಹೆಂಗಸು ಹೇಳುತ್ತಾಳಲ್ಲ, ಆ ಹೆಂಗಸು ಇವಳು. ಧ್ವನಿ ಕೊಡುವುದೇ ಅವಳ ಕಸುಬು. ಬ್ಯಾಂಕಿಗೆ ಫೋನು ಮಾಡಿದರೆ "ಒಂದನ್ನು ಒತ್ತಿ, ಎರಡನ್ನು ಒತ್ತಿ" ಎಂದು ಜೀವ ತಿನ್ನುವವಳೂ ಇವಳೇ. ಸೊಳ್ಳೆಬತ್ತಿ, ಗೋಡೆಯ ಬಣ್ಣ, ಟ್ಯೂಷನ್ ಕ್ಲಾಸು, ಸೈಟು, ಸೋಪು, ಯಾವುದಕ್ಕೆ ಬೇಕೋ ಅದಕ್ಕೆ ತಕ್ಕ ಧ್ವನಿ ಅವಳ ಗಂಟಲಲ್ಲಿ ಸಿದ್ಧವಿರುತ್ತಿತ್ತು. ಸೋಪಿಗೆ ನಗು ಬೇಕು, ಸೈಟಿಗೆ ಅವಸರ ಬೇಕು, ಬ್ಯಾಂಕಿಗೆ ಕಲ್ಲಿನಂಥ ತಾಳ್ಮೆ ಬೇಕು.

ಮನೆಯಲ್ಲಿದ್ದವರು ಮೂವರು. ಗಂಡ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವನು. ಸಿಟ್ಟು ಬೇಗ, ಅದು ಇಳಿಯುವುದೂ ಬೇಗ. ಅವನ ತಾಯಿ, ಅಂದರೆ ಇವಳ ಅತ್ತೆ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತಿಯಾದವರು. ಒಬ್ಬರ ಲೈನಿಗೆ ಇನ್ನೊಬ್ಬರ ಲೈನು ಜೋಡಿಸಿಕೊಡುವ ಕಾಲದಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತವರು. ಆ ಕೆಲಸದ ಒಂದು ಕಟ್ಟುಪಾಡು ಅವರ ಮೈಗೆ ಅಂಟಿಬಿಟ್ಟಿತ್ತು. ಲೈನಿನಲ್ಲಿ ಕೇಳಿದ್ದನ್ನು ಲೈನಿನಲ್ಲೇ ಬಿಟ್ಟು ಏಳಬೇಕು. ಯಾರು ಯಾರಿಗೆ ಏನು ಅಂದರು, ಯಾರು ಅತ್ತರು, ಯಾರು ಸುಳ್ಳು ಹೇಳಿದರು ಎಂಬುದೆಲ್ಲ ಗೊತ್ತಿದ್ದರೂ ಗೊತ್ತಿಲ್ಲ. ಅಕ್ಕಪಕ್ಕದ ಹೆಂಗಸರು ಸುದ್ದಿಗಾಗಿ ಅವರ ಹತ್ತಿರ ಕೂತು ಕೂತು, ಬರಿಗೈಯಲ್ಲಿ ಎದ್ದು ಹೋಗುತ್ತಿದ್ದರು.

ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆಗೆ ಇವರನ್ನು ಅತ್ತೆ ಅನ್ನಬೇಕೋ ಅಮ್ಮ ಅನ್ನಬೇಕೋ ತಿಳಿಯಲಿಲ್ಲ. ಅತ್ತೆ ಎಂದು ಶುರುಮಾಡಿದವಳು ಅರ್ಧದಲ್ಲಿ ಮನಸ್ಸು ಬದಲಿಸಿ ಅಮ್ಮಾ ಎಂದು ಮುಗಿಸಿದಳು. ಅದು "ಅತ್ತೇಮ್ಮಾ" ಎಂದಾಯಿತು. ಮನೆಯೆಲ್ಲ ನಕ್ಕಿತು. ಅತ್ತೆಮ್ಮ ಅನ್ನುವವರು ಲೋಕದಲ್ಲಿ ಬೇರೆಯೂ ಇರಬಹುದು. ಆದರೆ ಅತ್ತೆಯಿಂದ ಅಮ್ಮನಿಗೆ ಹೊರಳುವಾಗ ನಡುವೆ ಒಂದು ಚೂರು ತಡವರಿಸಿ ಎಳೆಯುವ ಆ ರಾಗ ಇವಳೊಬ್ಬಳದೇ. ಅತ್ತೆಗೆ ಅದು ಎಷ್ಟು ಹಿಡಿಸಿತ್ತೆಂದರೆ ಒಂದೇ ಸಲಕ್ಕೆ ಓಗೊಡುತ್ತಿರಲಿಲ್ಲ. ಎರಡನೇ ಸಲ ಕರೆಸಿಕೊಂಡೇ "ಏನೇ?" ಅನ್ನುತ್ತಿದ್ದರು.

ಈಗ ರೆಕಾರ್ಡಿಂಗ್ ಕೋಣೆಯ ವಿಚಾರ. ಹಳೇ ಗೋದಾಮಿನ ಮೇಲಂತಸ್ತಿನಲ್ಲಿ, ಗೋಡೆಗೆಲ್ಲ ಸ್ಪಂಜು ಬಡಿದ, ಫ್ಯಾನು ಹಾಕುವಂತಿಲ್ಲದ ಒಂದು ಗೂಡು ಅದು. ಅದರ ಮಾಲೀಕನಿಗೆ ಗಾಜಿನ ಆಚೆಯಿಂದ ಮಾತುಮಾತಿಗೆ "ಕೇಳಿಸ್ತಾ?" ಅನ್ನುವ ಚಾಳಿ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಕೇಳಿಸ್ತಾ. ಒಂದು ದಿನ ಸೋಪು, ಟೈಲ್ಸು ಎಲ್ಲ ಮುಗಿದ ಮೇಲೆ ಕೇಳಿಸ್ತಾ ಇನ್ನೊಂದು ಹಾಳೆ ಕೊಟ್ಟ. ಬಿಪಿ, ಸಕ್ಕರೆ, ಮಂಡಿನೋವು ಎಲ್ಲಕ್ಕೂ ಒಂದೇ ಪುಡಿ. "ಗುಳಿಗೆ ನುಂಗಿ ನುಂಗಿ ಸಾಕಾಯ್ತಾ ಅಮ್ಮಾ? ಇನ್ನು ಬೇಡ, ಬಿಟ್ಬಿಡಿ. ನಾನು ಹೇಳ್ತೀನಿ ಕೇಳಿ" ಎಂದು ಶುರುವಾಗುತ್ತಿತ್ತು. ಮನೆಯ ಮಗಳು ತಾಯಿಗೆ ಹೇಳುವ ಹಾಗೆ.

ಅವಳು ಓದಿದಳು. ಕೇಳಿಸ್ತಾ ತಲೆಯಾಡಿಸಿದ. "ಚೆನ್ನಾಗಿದೆ, ಆದ್ರೆ ಓದ್ತಾ ಇದ್ದೀರ. ಪ್ರೀತಿ ಬೇಕು. ಕೇಳಿಸ್ತಾ?"

ಇನ್ನೆರಡು ಸಲ ಓದಿದಳು. ಅದೂ ಆಗಲಿಲ್ಲ. ಕೊನೆಗೆ ಕಣ್ಣು ಮುಚ್ಚಿ, ಬೆಳಗ್ಗೆ ಬೆಳಗ್ಗೆ ಗುಳಿಗೆ ಡಬ್ಬಿ ಹಿಡಿದು ಮುಖ ಕಿವಿಚುವ ಅತ್ತೆಯನ್ನೇ ಎದುರಿಗೆ ತಂದುಕೊಂಡಳು. ಬಾಯಿಂದ ತಾನಾಗಿ ಬಂದುಬಿಟ್ಟಿತು, "ಗುಳಿಗೆ ನುಂಗಿ ನುಂಗಿ ಸಾಕಾಯ್ತಾ ಅತ್ತೇಮ್ಮಾ?"

ಹಾಳೆಯಲ್ಲಿ ಇದ್ದದ್ದು ಅಮ್ಮಾ. ತಪ್ಪಾಯಿತೆಂದು ನಾಲಗೆ ಕಚ್ಚಿಕೊಂಡಳು. ಕೇಳಿಸ್ತಾ ಮಾತ್ರ ಕುರ್ಚಿಯಿಂದ ಎದ್ದೇ ಬಿಟ್ಟಿದ್ದ. "ಅದೇ ಇರ್ಲಿ! ಮಗಳು ಹೇಳಿದ್ರೆ ಮಾಮೂಲು. ಸೊಸೆ ಇಷ್ಟು ಪ್ರೀತಿಯಿಂದ ಹೇಳಿದ್ರೆ ಯಾರು ನಂಬಲ್ಲ?"

ಅವಳಿಗೂ ಹಿಗ್ಗಾಯಿತು. ಇದನ್ನು ಮುಚ್ಚಿಡುವಂತಿಲ್ಲ. ಆ ಪುಡಿಯಲ್ಲಿ ಏನಿದೆ, ಯಾರು ಮಾಡುತ್ತಾರೆ, ಬಿಪಿ ಗುಳಿಗೆ ಬಿಡಿ ಎಂದು ಊರಿಗೆಲ್ಲ ಹೇಳಬಹುದೇ ಎಂದು ಅವಳಿಗೆ ಹೊಳೆಯಲೇ ಇಲ್ಲ ಎಂದರೆ ಅದು ಸುಳ್ಳು. ಮೆಟ್ಟಿಲಿಳಿಯುವಾಗ ಹೊಳೆಯಿತು. ನಾನೇನು ಡಾಕ್ಟರೇ, ಬರೆದಿದ್ದನ್ನು ಓದುವವಳು ಎಂದು ತನಗೆ ತಾನೇ ಹೇಳಿಕೊಂಡು ಬಸ್ಸು ಹತ್ತಿದಳು.

ಅತ್ತೆಗೆ ಊಟವಾದ ಮೇಲೆ ಫೋನಿನಲ್ಲಿ ಧಾರಾವಾಹಿ ಕಾದಂಬರಿ ಓದುವ ಹುಚ್ಚು. ಯಾವುದೋ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತಿತ್ತು. ಪುಕ್ಕಟೆ ಅಂದರೆ ಗೊತ್ತಲ್ಲ, ನಾಯಕಿ ಬಾಗಿಲು ತೆರೆದಳು ಎನ್ನುವಷ್ಟರಲ್ಲಿ ಬಾಗಿಲ ಆಚೆ ನಾಯಕನ ಬದಲು ಪ್ರೆಶರ್ ಕುಕ್ಕರ್ ನಿಂತಿರುತ್ತದೆ. ಒಂದು ಮಧ್ಯಾಹ್ನ ಇವಳು ಒಗೆದ ಬಟ್ಟೆ ಮಡಿಸುತ್ತಾ ಕೂತಿದ್ದಳು. ಅತ್ತೆಯ ಕೋಣೆಯಿಂದ ತನ್ನದೇ ಧ್ವನಿ ತನ್ನದೇ ರಾಗದಲ್ಲಿ "ಅತ್ತೇಮ್ಮಾ" ಎಂದು ಕರೆಯಿತು.

ಕೈಯಲ್ಲಿದ್ದ ದುಪ್ಪಟಿ ಅಲ್ಲೇ ಬಿತ್ತು. ಹೋಗಿ ಇಣುಕಿದರೆ ಅತ್ತೆ ಗೋಡೆಗೊರಗಿ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಏನೂ ಆಗದವರಂತೆ ಓದುತ್ತಿದ್ದರು. ಇವಳನ್ನು ನೋಡಿ "ಏನೇ?" ಎಂದರಷ್ಟೆ. ಸದ್ಯ, ಗುರುತು ಹತ್ತಿಲ್ಲ. ಹಿಂದೆ ಸಂಗೀತ ಬೇರೆ ಸೇರಿಸಿದ್ದಾರೆ, ವಯಸ್ಸಾದ ಕಿವಿ, ಹೇಗೆ ತಿಳಿದೀತು?

ಆಗ ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಅತ್ತೇಮ್ಮಾ, ಅದು ನನ್ನ ಧ್ವನಿ, ದುಡ್ಡಿಗೆ ಹೇಳಿದ್ದು, ನಂಬಬೇಡಿ. ಹೇಳುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಆದರೆ ಅದನ್ನು ಹೇಳಬೇಕಾದರೆ ಆ ಪದವನ್ನು ತಾನೇ ಅಲ್ಲಿಟ್ಟದ್ದನ್ನೂ ಹೇಳಬೇಕು. ಇಬ್ಬರ ನಡುವಿನ ಕರೆಯನ್ನು ಪುಡಿ ಮಾರುವವನ ಕೈಗೆ ಕೊಟ್ಟು ಬಂದೆ ಎಂದು ಹೇಳಬೇಕು. ನಾಚಿಕೆಯಾಗಿ ಬಟ್ಟೆ ಮಡಿಸಲು ವಾಪಸು ಹೋದಳು. ಮಾರನೇ ದಿನವೂ ಮಧ್ಯಾಹ್ನ ಅದೇ ಕೂಗು. ಅದರ ಮಾರನೇ ದಿನವೂ. ಗಂಡ ಮನೆಯಲ್ಲಿರುವ ಹೊತ್ತಿನಲ್ಲಿ ಕೂಗಿದರೆ ಗತಿಯೇನು ಎಂದು ಯೋಚಿಸಿ ಅವಳಿಗೆ ಅನ್ನ ಸೇರದಾಯಿತು.

ಕೊನೆಗೆ, ಫೋನು ತುಂಬ ನಿಧಾನವಾಗಿದೆ ತೋರಿಸಿಕೊಂಡು ಬರುತ್ತೇನೆ ಎಂದು ಅತ್ತೆಯಿಂದ ಇಸಿದುಕೊಂಡು ಮೊಬೈಲ್ ಅಂಗಡಿಗೆ ಹೋದಳು. ಅಂಗಡಿಯವಳು ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು ಮಾತಾಡುವ ಗಟ್ಟಿಗಿತ್ತಿ.

"ಜಾಹೀರಾತು ಬರಬಾರದಾ? ಅದೇನ್ ಬ್ರಹ್ಮವಿದ್ಯೆ ಅಕ್ಕ. ನೀವು ಓದೋ ಪುಟ ಬರೋದು ಒಂದು ಕಡೆಯಿಂದ, ಜಾಹೀರಾತು ಬರೋದು ಇನ್ನೊಂದು ಕಡೆಯಿಂದ. ಆ ಎರಡನೇ ದಾರಿಗೆ ಬೇಲಿ ಹಾಕಿದ್ರಾಯ್ತು."

ಅಂಗಡಿಯವಳು ಹಳೇ ಬ್ರೌಸರನ್ನು ಮರೆಗೆ ತಳ್ಳಿ, ಜಾಹೀರಾತನ್ನು ತಾನೇ ತಡೆಯುವ ಬೇರೊಂದು ಬ್ರೌಸರ್ ಹಾಕಿದಳು. ಅದಕ್ಕೂ ತೃಪ್ತಿಯಾಗದೆ ಸೆಟ್ಟಿಂಗ್ಸಿಗೆ ಹೋಗಿ ಯಾವುದೋ ವಿಳಾಸ ಬರೆದು, "ಇನ್ನು ಒಂದು ನೊಣಾನೂ ಬರಲ್ಲ" ಎಂದಳು. ಕಾದಂಬರಿಯ ಪುಟ ತೆರೆದು ತೋರಿಸಿದಳು. ಕುಕ್ಕರೂ ಇಲ್ಲ, ಪುಡಿಯೂ ಇಲ್ಲ. ಅವೆಲ್ಲ ಇದ್ದ ಕಡೆ ಬಿಳಿ ಜಾಗ.

"ಇಷ್ಟಕ್ಕೂ ಏನು ಬರ್ತಿತ್ತು ಅಕ್ಕ? ಕೆಟ್ಟ ಫೋಟೋನಾ?" ಎಂದು ಅಂಗಡಿಯವಳು ಪಿಸುಗುಟ್ಟಿದಳು.

"ಹೂಂ, ಅಂಥದ್ದೇ" ಎಂದು ಇವಳು ತಲೆ ತಗ್ಗಿಸಿದಳು. ತನ್ನ ಫೋನಿಗೂ ಗಂಡನ ಫೋನಿಗೂ ಅದನ್ನೇ ಹೇಗೆ ಮಾಡುವುದೆಂದು ಕಲಿತುಕೊಂಡು ಬಂದಳು. ಗಂಡ "ಅರೆ, ನನ್ನ ಫೋನ್ ಹೂವಿನಂತೆ ಹಗುರಾಗಿಬಿಟ್ಟಿದೆ ಕಣೇ" ಎಂದು ಮೆಚ್ಚಿದ. ಅತ್ತೆ ಫೋನು ತಿರುಗಿಸಿ ಮುರುಗಿಸಿ ನೋಡಿ "ಓದೋಕೆ ಸಲೀಸಾಯ್ತು" ಎಂದರು. ಇನ್ನೇನೋ ಹೇಳುವವರಂತೆ ಇವಳ ಮುಖ ನೋಡಿ, ಹೇಳಲಿಲ್ಲ.

ಕಂಟಕ ಕಳೆಯಿತೆಂದು ಅವಳು ಹಾಯಾಗಿದ್ದಳು. ಬೇಲಿ ಹಾಕುವ ಮೊದಲೇ ಪುಡಿ ಮನೆಯೊಳಗೆ ಬಂದು ಕೂತಿದೆ ಎಂಬುದು ಗೊತ್ತಿದ್ದರೆ ತಾನೇ?

ಒಂದು ಬೆಳಗ್ಗೆ ಅತ್ತೆ ಬಚ್ಚಲಮನೆಯ ಬಾಗಿಲಲ್ಲಿ ಕುಸಿದು ಕೂತರು. ಬಾಯಿ ಒಂದು ಕಡೆಗೆ ವಾಲಿತ್ತು. ಬಲಗೈಯಲ್ಲಿದ್ದ ಚೊಂಬು ಕೈಬಿಟ್ಟು ಉರುಳಿಹೋಗಿತ್ತು, ಅದನ್ನು ಹಿಡಿಯಲು ಬೆರಳುಗಳು ಮಾತು ಕೇಳುತ್ತಿರಲಿಲ್ಲ. ಗಂಡ ಹೆಂಡತಿ ಆಟೋದಲ್ಲಿ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಓಡಿದರು. ಗಾಲಿಮಂಚವನ್ನು ಲಿಫ್ಟಿಗೆ ತಳ್ಳಿದಾಗ ತಲೆಯ ಮೇಲಿನಿಂದ ಇವಳದೇ ಧ್ವನಿ, ಯಾವ ಚಿಂತೆಯೂ ಇಲ್ಲದೆ, ದಯವಿಟ್ಟು ಸರಿದು ನಿಲ್ಲಿ ಎಂದಿತು. ಬೇರೆ ದಿನವಾಗಿದ್ದರೆ ಗಂಡ ಪಕ್ಕದವರಿಗೆ "ಇವಳೇ ಅವಳು" ಎಂದು ತೋರಿಸುತ್ತಿದ್ದ. ಅವತ್ತು ತಾಯಿಯ ಕೈ ಹಿಡಿದು ನಿಂತಿದ್ದ.

ಪುಣ್ಯಕ್ಕೆ ಜೀವಕ್ಕೆ ಅಪಾಯವಾಗಲಿಲ್ಲ. ಬಾಯಿ ನೆಟ್ಟಗಾಯಿತು, ಮಾತು ಬಂತು. ಬಲಗೈ ಮಾತ್ರ ಮೊದಲಿನಂತಾಗುವುದು ಕಷ್ಟ ಎಂದರು ಡಾಕ್ಟರಮ್ಮ. ಮಂಚದ ಪಕ್ಕ ನಿಂತು ಅವರು ಕೇಳಿದರು, "ಬಿಪಿ ಇಷ್ಟೊಂದು ಏರಿದೆ ಅಂದ್ರೆ ಗುಳಿಗೆ ಬಿಟ್ಟಿದ್ದೀರಿ. ಹೌದು ತಾನೇ ಅಜ್ಜಿ?"

"ಪುಡಿ ತಗೋತಿದ್ದೆ" ಎಂದರು ಅತ್ತೆ. "ಪಾರ್ಸೆಲ್ಲಲ್ಲಿ ತರಿಸಿದ್ದು."

"ಪುಡಿ ತಗೊಂಡು ಗುಳಿಗೆ ಬಿಡಿ ಅಂತ ಯಾರು ಹೇಳಿದ್ದು ನಿಮಗೆ?"

ಸೊಸೆ ಮಂಚದ ಕಾಲಬುಡದಲ್ಲಿ ನಿಂತಿದ್ದಳು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆ ಅವಳ ಕಡೆ ನೋಡಲಿಲ್ಲ. ಕಿಟಕಿಯ ಕಡೆ ನೋಡಿ, "ಯಾರೋ ಒಬ್ಬಳು ಹೆಂಗಸು. ಫೋನಲ್ಲಿ ಬರ್ತಿದ್ಲು. ಹೆಸರು ಹೇಳಲಿಲ್ಲ" ಎಂದರು.

ಗಂಡನಿಗೆ ಪಿತ್ತ ನೆತ್ತಿಗೇರಿತು. "ಜಾಹೀರಾತು ನೋಡಿ ಗುಳಿಗೆ ಬಿಟ್ಟೆಯೇನಮ್ಮಾ? ಆ ಹೆಂಗಸು ನನ್ನ ಕೈಗೆ ಸಿಗಲಿ, ನಾಲಗೆ ಕಿತ್ತು ಕೈಗೆ ಕೊಡ್ತೀನಿ." ಹೆಂಡತಿಯ ಕಡೆ ತಿರುಗಿದ. "ನಿಮ್ಮ ಕಸುಬಿನವಳೇ ಯಾರೋ ಇರಬೇಕು ಕಣೇ. ನಿಂಗೆ ಎಲ್ಲರ ಪರಿಚಯ ಇದೆಯಲ್ಲ, ಸ್ವಲ್ಪ ವಿಚಾರಿಸು. ಯಾರು ಅಂತ ತಿಳ್ಕೊಂಡು ಹೇಳು ನಂಗೆ."

"ಹೂಂ" ಎಂದಳು ಅವಳು. "ವಿಚಾರಿಸ್ತೀನಿ."

ಇಷ್ಟು ವರ್ಷ ದುಡ್ಡಿಗೆ ಎಷ್ಟೋ ಸುಳ್ಳು ಹೇಳಿದ್ದ ನಾಲಗೆ ಈ ಒಂದು ಸುಳ್ಳಿಗೆ ಒಣಗಿ ಅಂಟಿಕೊಂಡಿತು. ಗಂಡ ಔಷಧಿ ತರಲು ಕೆಳಗೆ ಹೋದ. ಅವಳು ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು, ಹಿಡಿತ ಹೋದ ಆ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಹಗುರವಾಗಿತ್ತು.

"ಅತ್ತೇಮ್ಮಾ, ನಿಮಗೆ ಗೊತ್ತಿತ್ತಾ?"

"ಏನು?"

"ಆ ಹೆಂಗಸು ಯಾರು ಅಂತ."

ಅತ್ತೆ ಕಣ್ಣು ಮುಚ್ಚಿಕೊಂಡೇ ನಕ್ಕರು. "ಎಕ್ಸ್‌ಚೇಂಜಲ್ಲಿ ಹಲೋ ಅನ್ನೋದರೊಳಗೆ ಯಾರು ಅಂತ ಹೇಳ್ತಿದ್ದೆ ಕಣೇ ನಾನು. ನೀನು ಕರೆದರೆ ತಿಳಿಯಲ್ವಾ? ಮೊದಲನೇ ಸಲ ಕೇಳಿದಾಗ ನೀನು ಪಕ್ಕದ ಕೋಣೆಯಿಂದ ಕರೆದೆ ಅಂತ ಓಗೊಟ್ಟೆ. ಆಮೇಲೆ ನೋಡಿದ್ರೆ ಫೋನೊಳಗಿದ್ದೀಯ!"

"ಮತ್ತೆ ನಂಗೆ ಯಾಕೆ ಹೇಳಲಿಲ್ಲ?"

"ಲೈನಲ್ಲಿ ಕೇಳಿದ್ದು. ನೀನಾಗಿ ಹೇಳೋವರೆಗೆ ನಾನು ಕೇಳಬಾರದು." ದಿಂಬಿನ ಮೇಲೆ ತಲೆ ಸರಿಸಿಕೊಂಡು ಮುಂದುವರಿಸಿದರು. "ಜಾಹೀರಾತು ಅಂತ ಗೊತ್ತಿಲ್ಲದೆ ಏನಲ್ಲ. ಬೇರೆ ಯಾರಾದರೂ ಹೇಳಿದ್ದಿದ್ರೆ ತಿರುಗಿಯೂ ನೋಡ್ತಿರಲಿಲ್ಲ. ಆದ್ರೆ ನೀನು ನನ್ನನ್ನೇ ಕರೆದು ಹೇಳ್ತಿದ್ದೀಯ. ಅಲ್ಲಿಯೋರನ್ನ ಕೇಳಿ ತಿಳ್ಕೊಂಡೇ ಹೇಳಿರ್ತಾಳೆ, ನಂಗೆ ಕೆಟ್ಟದ್ದು ಹೇಳ್ತಾಳಾ ಅಂದ್ಕೊಂಡೆ. ಆಮೇಲೆ ನೀನು ಫೋನ್ ತಗೊಂಡು ಹೋಗಿ ಅದನ್ನ ನಿಲ್ಲಿಸಿಕೊಂಡು ಬಂದೆ. ಯಾಕೆ ನಿಲ್ಲಿಸಿದಳಪ್ಪ ಅಂತ ಎಷ್ಟೋ ದಿನ ಯೋಚನೆ ಮಾಡಿದೆ. ನಾನು ತರಿಸಿದ್ದಾಯ್ತಲ್ಲ, ಇನ್ನು ಕರೆಯೋದು ಯಾಕೆ ಅಂತ ಇರಬೇಕು ಅಂದ್ಕೊಂಡೆ."

ಅವಳಿಗೆ ಅಳು ಕೂಡ ಬರಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು. ತಾನು ಬೇಲಿ ಹಾಕಿ ಮುಚ್ಚಿದ್ದು ಬರೀ ತನ್ನ ಮಾನ. ಪುಡಿ ಅದರ ಪಾಡಿಗೆ ಅದು ಅತ್ತೆಯ ಕಪಾಟಿನಲ್ಲಿ ಇತ್ತು, ಅವರು ದಿನಾ ಬೆಳಗ್ಗೆ ಸೊಸೆಯ ಮಾತಿಗೆ ಬೆಲೆ ಕೊಟ್ಟು ಅದನ್ನು ನೀರಿಗೆ ಕದಡಿ ಕುಡಿಯುತ್ತಿದ್ದರು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಕ್ಷಮಿಸಿ ಎಂದು ಹೇಳಹೋದರೆ ಅದೂ ರೆಕಾರ್ಡಿಂಗಿನಲ್ಲಿ ಎಷ್ಟೋ ಸಲ ಹೇಳಿದ "ಅಡಚಣೆಗಾಗಿ ಕ್ಷಮಿಸಿ" ಎಂಬಂತೆಯೇ ಬಾಯಿಗೆ ಬಂತು. ನುಂಗಿಕೊಂಡಳು.

"ಅವನಿಗೆ ಹೇಳಬೇಡ" ಎಂದರು ಅತ್ತೆ. "ಸಿಟ್ಟಿನಲ್ಲಿ ಏನಾದರೂ ಅಂದುಬಿಡ್ತಾನೆ."

ಅದಕ್ಕೂ ಅವಳು ಹೂಂ ಅಂದಳು. ಅಂಥ ಹೊತ್ತಿನಲ್ಲೂ ಆ ಮಾತು ಕೇಳಿ ಒಳಗೆ ಒಂದು ನೆಮ್ಮದಿ ಮೂಡಿತಲ್ಲ, ಆಮೇಲೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಪಟ್ಟದ್ದು ಅದಕ್ಕೆ.

ಮನೆಗೆ ಬಂದ ಮೊದಲ ಬೆಳಗ್ಗೆ ಗಂಡ ಸ್ನಾನಕ್ಕೆ ಹೋಗಿದ್ದ. ಅವಳು ಗುಳಿಗೆ ಮತ್ತು ನೀರಿನ ಲೋಟ ಹಿಡಿದು ಅತ್ತೆಯ ಕೋಣೆಗೆ ಬಂದಳು. ಪುಡಿಯ ಡಬ್ಬಿಯನ್ನು ಅವಳೇ ತೆಗೆದು ಚರಂಡಿಗೆ ಸುರಿದಿದ್ದಳು. ಕೇಳಿಸ್ತಾಗೆ ಫೋನು ಮಾಡಿ ಆ ಜಾಹೀರಾತನ್ನು ತೆಗೆಸು ಎಂದದ್ದಕ್ಕೆ, "ಅದು ನನ್ನ ಕೈಲಿಲ್ಲ, ದುಡ್ಡು ಕೊಟ್ಟೋರದು, ಎಲ್ಲೆಲ್ಲಿ ಓಡ್ತಿದೆಯೋ ನಂಗೇ ಗೊತ್ತಿಲ್ಲ" ಎಂದಿದ್ದ. ಈ ಮನೆಯ ಮೂರು ಫೋನು ಬಿಟ್ಟು ಇನ್ನು ಯಾರ ಯಾರ ಮನೆಯಲ್ಲಿ ತಾನು ಅತ್ತೇಮ್ಮಾ ಎಂದು ಕರೆಯುತ್ತಿದ್ದೇನೋ ಎಂದು ನೆನೆಯುತ್ತಾ ರಾತ್ರಿಯಿಡೀ ಎದ್ದಿದ್ದಳು.

"ಅತ್ತೇಮ್ಮಾ, ಗುಳಿಗೆ. ಇದನ್ನ ಬಿಡಬಾರದಂತೆ."

ಅತ್ತೆ ಅವಳ ಕೈಯಲ್ಲಿದ್ದ ಗುಳಿಗೆಯನ್ನು ನೋಡಿದರು. ಆಮೇಲೆ ಅವಳ ಬಾಯಿಯನ್ನು ನೋಡಿದರು.

"ಇದು ನೀನು ಹೇಳ್ತಿರೋದಾ, ಯಾರಾದ್ರೂ ಬರೆದುಕೊಟ್ಟಿದ್ದಾ?"

ಚುಚ್ಚಬೇಕೆಂದು ಕೇಳಿದ್ದಲ್ಲ. ಲೈನು ಜೋಡಿಸುವ ಮೊದಲು ನಂಬರು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳುವವರ ಹಾಗೆ ಕೇಳಿದ್ದು.

"ನಾನೇ ಹೇಳ್ತಿರೋದು ಅತ್ತೇಮ್ಮಾ."

"ಅದರಲ್ಲೂ ಹೀಗೇ ಹೇಳಿದ್ದೆ ಕಣಮ್ಮ." ಅತ್ತೆ ಕಷ್ಟಪಟ್ಟು ದಿಂಬಿಗೆ ಒರಗಿದರು. "ತಪ್ಪು ತಿಳ್ಕೋಬೇಡ. ನನ್ನ ಕಿವಿಗೆ ಎರಡೂ ಒಂದೇ ಥರ ಕೇಳಿಸ್ತಿದೆ. ಅಲ್ಲಿಡು, ಅವನು ಬರಲಿ. ಅವನನ್ನ ಒಂದು ಮಾತು ಕೇಳಿ ತಗೋತೀನಿ."

ಅವಳು ಗುಳಿಗೆಯನ್ನು ಇಡಲೂ ಇಲ್ಲ, ಕೊಡಲೂ ಇಲ್ಲ. ಹಾಗೇ ನಿಂತಳು. ಸೋಪಿನ ಧ್ವನಿ, ಬ್ಯಾಂಕಿನ ಧ್ವನಿ ಎಲ್ಲ ಇತ್ತು ಅವಳ ಹತ್ತಿರ. ಅತ್ತೆ ನಂಬುವಂಥದ್ದು ಒಂದೇ ಒಂದು ಇತ್ತು, ಅದನ್ನು ಗಾಜಿನ ಗೂಡಿನಲ್ಲಿ ಕಣ್ಣು ಮುಚ್ಚಿ ಕೊಟ್ಟು ಬಂದಿದ್ದಳು. ಅದಕ್ಕಿಂತ ನಿಜವಾದ ಇನ್ನೊಂದು ದನಿ ಎಲ್ಲಿಂದ ತರುವುದು?

ಬಚ್ಚಲಮನೆಯ ಬಾಗಿಲು ತೆರೆಯಿತು. ಗಂಡ ತಲೆ ಒರೆಸಿಕೊಳ್ಳುತ್ತಾ ಬಂದ. "ಏನಮ್ಮಾ, ಇನ್ನೂ ತಗೊಂಡಿಲ್ವಾ? ಅವಳು ಹೇಳಲಿಲ್ವಾ?"

"ಹೇಳಿದ್ಲು" ಎಂದರು ಅತ್ತೆ.

ಸೊಸೆಯನ್ನು ಬಿಟ್ಟುಕೊಡಲಿಲ್ಲ. ಅದನ್ನು ತಡೆದುಕೊಳ್ಳಲು ಅವಳಿಂದ ಆಗಲಿಲ್ಲ.

"ರೀ" ಎಂದಳು. "ಯಾರು ಆ ಹೆಂಗಸು ಅಂತ ವಿಚಾರಿಸು ಅಂದಿದ್ರಲ್ಲ. ನಾನೇ ರೀ ಅದು. ನಾನೇ ಹೇಳಿದ್ದು. ಮನೇಲಿ ಗೊತ್ತಾಗಬಾರದು ಅಂತ ಎಲ್ಲರ ಫೋನಲ್ಲೂ ಅದು ಬರದ ಹಾಗೆ ಮಾಡಿದ್ದೂ ನಾನೇ."

ಧ್ವನಿ ಒಡೆದಿತ್ತು, ಅರ್ಧ ಮಾತು ಮೂಗಿನಿಂದ ಬಂತು, ಕೊನೆಯದಂತೂ ಏನು ಹೇಳಿದಳೆಂದು ಸರಿಯಾಗಿ ಕೇಳಿಸಲೂ ಇಲ್ಲ. ಗಂಡನ ಕೈಯಲ್ಲಿದ್ದ ಟವೆಲು ತಲೆಯ ಮೇಲೇ ನಿಂತಿತು. ಅವನು ತಾಯಿಯ ಮುಖ ನೋಡಿದ. ತಾಯಿ ಅವನನ್ನು ನೋಡಲಿಲ್ಲ. ಸೊಸೆಯ ಕಡೆಗೆ ಎಡಗೈ ಚಾಚಿದರು.

"ಈಗ ಕೊಡು" ಎಂದರು.

ಅವಳು ಗುಳಿಗೆಯನ್ನು ಆ ಕೈಯಲ್ಲಿಟ್ಟು, ಲೋಟವನ್ನು ಅವರ ಬಾಯಿಗೆ ಹಿಡಿದಳು. ಗಂಡ ಬಾಗಿಲಲ್ಲೇ ನಿಂತಿದ್ದ. ಅವನ ಕಡೆ ತಿರುಗಿ ನೋಡಲು ಅವಳಿಗೆ ಮುಖವಿರಲಿಲ್ಲ.